ಹಸೆಗೋಡೆಯ ಮೇಲೆ ಮೇಣದ ಗೆರೆ

ನನಗೆ ಆರು ತುಂಬಿ ಏಳು ನಡೆಯುತ್ತಿದ್ದಾಗ, ಅಪ್ಪ ಶಿವಮೊಗ್ಗದಲ್ಲಿ ನಡೆದ ಶಿಕ್ಷಕರ ಶಿಬಿರದಿಂದ ಬರುವಾಗ ಒಂದು ರಟ್ಟಿನ ಪೆಟ್ಟಿಗೆ ತಂದರು. ಅದರೊಳಗೆ ಮೇಣದ ಹನ್ನೆರಡು ಬಣ್ಣದ ಕಡ್ಡಿಗಳಿದ್ದವು. ಕ್ರಯಾನ್ ಎಂಬ ಹೆಸರನ್ನು ಅಪ್ಪ ಓದಿ ಹೇಳಿದರೂ ಮನೆಯಲ್ಲಿ ಅದು ಕಡೆಯವರೆಗೂ ಬಣ್ಣದ ಕಡ್ಡಿಯಾಗಿಯೇ ಉಳಿಯಿತು. ಆಗ ನಾವು ಸಾಗರದಲ್ಲಿದ್ದೆವು. ನಮ್ಮ ಬೀದಿಯ ಮಕ್ಕಳಿಗೆ ಸ್ಲೇಟು ಮತ್ತು ಬಳಪ ಬಿಟ್ಟರೆ ಬೇರೆ ಸಾಮಗ್ರಿ ಇರಲಿಲ್ಲ. ನನಗೊಬ್ಬಳಿಗೆ ಹನ್ನೆರಡು ಬಣ್ಣಗಳಿದ್ದವು. ಅದನ್ನು ನಾನು ಸಹಜವೆಂದು ಭಾವಿಸಿದ್ದೆ. ನನ್ನ ಮೊದಲ ತಪ್ಪು ಅದೇ ಇರಬೇಕು.

ಬಣ್ಣ ಹಚ್ಚುವ ಮೊದಲು ಹನ್ನೆರಡನ್ನೂ ಒಂದೊಂದಾಗಿ ಮೂಸುತ್ತಿದ್ದೆ. ಎಲ್ಲಕ್ಕೂ ಒಂದೇ ವಾಸನೆ, ಆರಿದ ಮೇಣದಬತ್ತಿಯದು. ಆದರೂ ಕೆಂಪಿಗೆ ಬೇರೆ ವಾಸನೆಯಿದೆ ಎಂದು ಹಟ ಹಿಡಿಯುತ್ತಿದ್ದೆ. ಕಡ್ಡಿಗೆ ಸುತ್ತಿದ ಕಾಗದವನ್ನು ಉಗುರಿನಿಂದ ಸುರುಳಿಯಾಗಿ ಬಿಡಿಸುವುದು, ಹಳದಿಯ ಹಿಂಬದಿಯನ್ನು ಕಚ್ಚುವುದು, ಚಳಿಗಾಲದಲ್ಲಿ ಗಡುಸಾದ ಕಡ್ಡಿಯನ್ನು ಕಂಕುಳಲ್ಲಿಟ್ಟು ಮೆದು ಮಾಡುವುದು ನನ್ನ ಚಟಗಳಾಗಿದ್ದವು. ಒತ್ತಿ ಒತ್ತಿ ಹಚ್ಚುತ್ತಿದ್ದೆ. ಕೆಂಪು ಒಂದು ತಿಂಗಳಲ್ಲಿ ತುಂಡಾಯಿತು, ಹಸಿರು ಎರಡು ತಿಂಗಳಲ್ಲಿ. ಬಿಳಿ ಮಾತ್ರ ಬಂದಷ್ಟೇ ಉದ್ದವಿತ್ತು. ಬಿಳಿಯ ಕಾಗದದ ಮೇಲೆ ಅದು ಏನನ್ನೂ ಉಳಿಸುತ್ತಿರಲಿಲ್ಲ. ಹಾಳೆಯನ್ನು ಬೆಳಕಿಗೆ ಓರೆ ಹಿಡಿದರೆ ಎಣ್ಣೆಯ ಜಾಡಿನಂತಹ ಹೊಳಪೊಂದು ಕಾಣುತ್ತಿತ್ತು, ಅಷ್ಟೇ.

ಅಪ್ಪ ಹೊಸ ಶಿಕ್ಷಣದಲ್ಲಿ ಪೂರ್ಣ ನಂಬಿಕೆಯಿಟ್ಟಿದ್ದ ಅಧ್ಯಾಪಕರು. ಅವರ ತರಗತಿಯಲ್ಲಿ ಬೆತ್ತವಿರಲಿಲ್ಲ. ಅಚ್ಚಾದ ಗೆರೆಯೊಳಗೆ ಬಣ್ಣ ತುಂಬುವ ಪುಸ್ತಕವನ್ನು ಬಂಧುವೊಬ್ಬರು ನನಗೆ ಕೊಟ್ಟಾಗ ಅಪ್ಪ ಅದನ್ನು ನಯವಾಗಿ ಹಿಂತಿರುಗಿಸಿದರು. "ಬೇರೆಯವರು ಎಳೆದ ಗೆರೆಯೊಳಗೆ ಮಗು ಯಾಕೆ ಇರಬೇಕು?" ಎಂದರು. ನಾನು ಎಲ್ಲಿ ಬೇಕಾದರೂ, ಏನು ಬೇಕಾದರೂ ಬರೆಯಬಹುದಾಗಿತ್ತು. ಬರೆದದ್ದನ್ನು ಯಾರೂ ಅಳಿಸಕೂಡದು ಎಂಬುದು ನಮ್ಮ ಮನೆಯ ಕಾನೂನಾಗಿತ್ತು. ಇಂದು ಮಕ್ಕಳ ಹಕ್ಕುಗಳಿಗಾಗಿ ವೇದಿಕೆ ಹತ್ತುವಾಗ ನಾನು ಆಡುವ ಮಾತಿನಲ್ಲಿ ಅರ್ಧ ಅಪ್ಪನದೇ. ಆ ಮಾತನ್ನು ನಾನು ಈಗಲೂ ನಂಬುತ್ತೇನೆ. ಆದರೆ ಅದರ ಜೊತೆಯಲ್ಲಿ ಹೇಳಬೇಕಾದ ಇನ್ನೊಂದು ಸಂಗತಿಯನ್ನು ನಾನು ಯಾವ ವೇದಿಕೆಯಲ್ಲೂ ಹೇಳಿಲ್ಲ.

ಮರುವರ್ಷ ಅಪ್ಪನಿಗೆ ಹೊಸನಗರ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗೆ ವರ್ಗವಾಯಿತು. ಅಲ್ಲಿ ಶಾಲೆಗೆ ಕಟ್ಟಡವಿರಲಿಲ್ಲ. ದೀವರ ಜಾತಿಯ ಕುಟುಂಬವೊಂದು ತನ್ನ ಜಗಲಿಯನ್ನು ಶಾಲೆಗೆ ಬಿಟ್ಟುಕೊಟ್ಟಿತ್ತು. ಪಕ್ಕದ ಕೋಣೆಯನ್ನು ನಮಗೆ ವಾಸಕ್ಕೆ ಕೊಟ್ಟಿತು. ಅವರು ಗೇಣಿದಾರರು. ಗದ್ದೆ ಒಡೆಯರದು, ದುಡಿಮೆ ಇವರದು. ಹೊಳೆಗೆ ಅಣೆಕಟ್ಟು ಬರುತ್ತದೆ, ಊರು ಮುಳುಗುತ್ತದೆ ಎಂಬುದು ಆಗಲೇ ಖಚಿತವಾಗಿತ್ತು. ಪರಿಹಾರ ಕೊಡುವವರು ಕಾಗದ ಕೇಳುತ್ತಿದ್ದರು. ಮೂರು ತಲೆಮಾರು ಉತ್ತ ಗದ್ದೆಗೆ ಇವರಲ್ಲಿ ಒಂದು ಚೂರು ಕಾಗದವಿರಲಿಲ್ಲ. ಊರವರ ಅರ್ಜಿಗಳನ್ನೆಲ್ಲ ಬರೆದುಕೊಡುತ್ತಿದ್ದವರು ಅಪ್ಪ ಒಬ್ಬರೇ. ಒಂದು ಕಾಸೂ ಮುಟ್ಟದೆ ಬರೆಯುತ್ತಿದ್ದರು. ಹೀಗಾಗಿ ಆ ಮನೆಯವರಿಗೆ ಅಪ್ಪನ ಮನಸ್ಸು ನೋಯಿಸುವುದು ಸಾಧ್ಯವೇ ಇರಲಿಲ್ಲ. ಇದು ಅಪ್ಪನಿಗೆ ತಿಳಿದಿರಲಿಲ್ಲ ಎಂದೇ ನಾನು ನಂಬಲು ಬಯಸುತ್ತೇನೆ.

ನಾವು ಮೇಲುಜಾತಿಯವರೆಂಬ ಕಾರಣಕ್ಕೆ ಆ ಮನೆಯವರು ಏಳು ವರ್ಷದ ನನಗೂ ಬಹುವಚನ ಹಚ್ಚುತ್ತಿದ್ದರು, ಸಣ್ಣಮ್ಮ ಎಂದು ಕರೆಯುತ್ತಿದ್ದರು. ನಾನು ಅವರ ಮಗಳನ್ನು ಅಕ್ಕ ಎನ್ನುತ್ತಿದ್ದೆ. ಅಕ್ಕನಿಗೆ ಹದಿನಾರು ದಾಟಿರಲಿಲ್ಲ. ಶಾಲೆಯ ಮಕ್ಕಳು ಹೋದ ಮೇಲೆ ಅವಳು ಜಗಲಿ ಗುಡಿಸುವಾಗ ನಾನು ಅವಳ ಹಿಂದೆಯೇ ಸುತ್ತುತ್ತಿದ್ದೆ. ನನ್ನ ಕಡ್ಡಿಗಳಲ್ಲಿ ಯಾವುದನ್ನು ಬೇಕಾದರೂ ಅವಳು ಮುಟ್ಟಬಹುದಿತ್ತು. ಆದರೆ ಅವಳು ಮುಟ್ಟುತ್ತಿರಲಿಲ್ಲ. ಬೆರಳಿನಿಂದ ತೋರಿಸಿ, "ಇದು ಮಾವಿನ ಚಿಗುರು, ಇದು ಕೆಮ್ಮಣ್ಣು. ಈ ಬಿಳಿ ಎಂತಕ್ಕೆ ಸಣ್ಣಮ್ಮ? ಬರಿಯದೇ ಇಲ್ವಲ್ಲ!" ಎಂದು ನಗುತ್ತಿದ್ದಳು.

ಆ ಬೇಸಿಗೆಯಲ್ಲಿ ಅಕ್ಕನ ಮದುವೆ ನಿಶ್ಚಯವಾಯಿತು. ಮುಳುಗುವ ಮೊದಲು ಆ ಮನೆಯಲ್ಲಿ ನಡೆಯುವ ಕೊನೆಯ ಮದುವೆ ಎಂದು ಎಲ್ಲರೂ ಹೇಳುತ್ತಿದ್ದರು. ಆ ಮನೆಗಳಲ್ಲಿ ಮದುವೆಯೆಂದರೆ ನಡುಮನೆಯ ಗೋಡೆಯ ಮೇಲೆ ಹಸೆ ಬರೆಯಬೇಕು. ಗೋಡೆಗೆ ಕೆಮ್ಮಣ್ಣು ಬಳಿದು, ನೆನೆಸಿ ಅರೆದ ಅಕ್ಕಿಯ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ, ಹೆಂಗಸರು ಎಳೆ ಎಳೆಯಾಗಿ ಚೌಕ ಹೆಣೆಯುತ್ತಾರೆ. ನಡುವೆ ಗಂಡು ಹೆಣ್ಣಿನ ಜೋಡಿ. ಮದುಮಕ್ಕಳನ್ನು ಕೂರಿಸುವುದು ಆ ಗೋಡೆಯ ಎದುರಿಗೇ. ಬೇರೆ ಗೋಡೆ ಸಲ್ಲುವುದಿಲ್ಲ. ಅಕ್ಕನ ತಾಯಿ ಆ ಸೀಮೆಯಲ್ಲೇ ಹಸೆಗೆ ಹೆಸರಾದವರು. ಅವರ ಗೆರೆ ನೂಲು ಹಿಡಿದಂತೆ ನೇರವಾಗಿರುತ್ತಿತ್ತು.

ಮದುವೆಗೆ ನಾಲ್ಕು ದಿನ ಇರುವಾಗ ಅವರು ಗೋಡೆಗೆ ಕೆಮ್ಮಣ್ಣು ಬಳಿದು ಒಣಗಲು ಬಿಟ್ಟರು. ಮಧ್ಯಾಹ್ನ ಎಲ್ಲರೂ ಚಪ್ಪರದ ಕೆಲಸಕ್ಕೆ ಹೊರಗೆ ಹೋದಾಗ ನಡುಮನೆಯಲ್ಲಿ ನಾನೊಬ್ಬಳೇ ಇದ್ದೆ. ಅಷ್ಟು ದೊಡ್ಡ, ಅಷ್ಟು ನುಣುಪಾದ ಕೆಂಪನ್ನು ನಾನು ಎಂದೂ ಕಂಡಿರಲಿಲ್ಲ. ಬಿಳಿಯ ಕಡ್ಡಿ ತೆಗೆದು ಒಂದು ಗೆರೆ ಎಳೆದೆ. ಅದು ಬರೆಯಿತು! ಒಂದೂವರೆ ವರ್ಷ ಸುಮ್ಮನಿದ್ದ ಕಡ್ಡಿ ಮೊದಲ ಬಾರಿಗೆ ಬರೆಯಿತು. ನಾನು ಅಕ್ಕನನ್ನು ಬರೆದೆ. ದುಂಡು ತಲೆ, ತಲೆಯಿಂದ ನೇರವಾಗಿ ಇಳಿದ ಸೀರೆ, ಎರಡು ಕಾಲು. ಕೈ ಬರೆಯಲು ನನಗೆ ಬರುತ್ತಿರಲಿಲ್ಲ, ಬಿಟ್ಟೆ. ಪಕ್ಕದಲ್ಲಿ ಯಾರನ್ನೂ ಬರೆಯಲಿಲ್ಲ. ಅವಳು ಹೋಗಬಾರದು, ಈ ಮನೆಯಲ್ಲೇ ಇರಬೇಕು ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಗೆರೆಯ ಮೇಲೆ ಗೆರೆ ಹಾಕಿ, ಕಡ್ಡಿ ಅರ್ಧ ಸವೆಯುವವರೆಗೆ ಒತ್ತಿದೆ.

ಅಕ್ಕನ ತಾಯಿ ಒಳಗೆ ಬಂದು ನೋಡಿ ಕುಕ್ಕರಿಸಿ ಕುಳಿತರು. ನನ್ನನ್ನು ಬೈಯಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರು. ಕೆಮ್ಮಣ್ಣು ಬಟ್ಟೆಗೆ ಬಂತು, ಬಿಳಿ ಗೋಡೆಯಲ್ಲೇ ಉಳಿಯಿತು. ಕತ್ತಿಯ ತುದಿಯಿಂದ ಕೆರೆದು, ಆ ಜಾಗಕ್ಕೆ ಹೊಸದಾಗಿ ಮಣ್ಣು ಮೆತ್ತಬೇಕೆಂದು ಅವರು ಹೊರಟಾಗ ಅಪ್ಪ ಬಾಗಿಲಲ್ಲಿ ನಿಂತಿದ್ದರು.

"ಕೆರೆಯಬೇಡಿ, ಅಮ್ಮ. ಮಗು ತನ್ನ ಪ್ರೀತಿಯನ್ನು ಬರೆದಿದೆ. ಅದರ ಕಣ್ಣೆದುರೇ ಕೆರೆದರೆ ಮನಸ್ಸಿಗೆ ಪೆಟ್ಟಾಗುತ್ತದೆ. ಅದರ ಜೊತೆಯಲ್ಲೇ ನಿಮ್ಮದನ್ನೂ ಬರೆಯಿರಿ, ಚೆನ್ನಾಗಿರುತ್ತದೆ."

ಅವರು ಕತ್ತಿ ಕೆಳಗಿಟ್ಟರು. "ಆತು ಮೇಷ್ಟ್ರೇ," ಎಂದರು.

ಆ ಒಂದು ಮಾತಿನಲ್ಲಿ ನಡೆದ ಅನ್ಯಾಯಕ್ಕೆ ನನಗೆ ಬಹಳ ಕಾಲ ಹೆಸರು ಸಿಗಲಿಲ್ಲ. ಒಂದು ಮಗುವಿನ ಸ್ವಾತಂತ್ರ್ಯವನ್ನು ಇನ್ನೊಬ್ಬರ ಗೋಡೆಯ ಮೇಲೆ, ಅವರ ಮಗಳ ಮದುವೆಯ ಮೇಲೆ, ಅವರ ಕಲೆಯ ಮೇಲೆ ಹೇರಲಾಯಿತು. ಹೇರಿದ್ದು ಕ್ರೂರಿಯಲ್ಲ, ಊರಿಗೇ ಬೇಕಾದ ಒಳ್ಳೆಯ ಮನುಷ್ಯ. ಆದ್ದರಿಂದಲೇ ಯಾರೂ ಬೇಡವೆನ್ನಲಿಲ್ಲ.

ಮರುದಿನ ಮೇಲಿಂದ ಇನ್ನೊಮ್ಮೆ ಕೆಮ್ಮಣ್ಣು ಬಳಿದರು. ನೀರಿನ ಬಣ್ಣ ಮೇಣದ ಮೇಲೆ ನಿಲ್ಲದೆ ಜಾರಿತು. ಆಮೇಲೆ ನೆರೆಯ ಹೆಂಗಸರು ಕೂಡಿ ಹಸೆ ಬರೆಯತೊಡಗಿದರು. ನಾನು ಮೂಲೆಯಲ್ಲಿ ಕುಳಿತು ನೋಡುತ್ತಿದ್ದೆ. ಅವರ ಹಾಡು, ಕೀಟಲೆ ಎಂದಿನಂತೆಯೇ ಇತ್ತು.

"ಗಂಡು ಹೆಣ್ಣಿಗಿಂತ ಗಿಡ್ಡ ಆದ್ನಲ್ಲೇ ಮಾರಾಯ್ತಿ!"

"ಇರ್ಲಿ ಬಿಡು, ನಿಜಕ್ಕೂ ಗಿಡ್ಡನೇ. ನಾ ಕಂಡೀನಿ."

"ಕೇಳಿಸ್ಕೊಂಡ್ಯೇನೇ ಮದುಮಗ್ಳೇ? ಏಣಿ ಹಾಕ್ಕೊಂಡು ತಾಳಿ ಕಟ್ತಾನಂತೆ!"

ಅಕ್ಕ ಒಳಗಿನಿಂದಲೇ, "ನಾನೇ ಬಗ್ತೀನಿ, ನಿಮಗೆಂತ?" ಎಂದಾಗ ನಡುಮನೆಯೆಲ್ಲ ನಗು. ಅಕ್ಕನ ತಾಯಿ ಮಾತ್ರ ನಗಲಿಲ್ಲ. ಅವರ ಕುಂಚ ಗೋಡೆಯ ಒಂದು ಭಾಗಕ್ಕೆ ಬಂದಾಗಲೆಲ್ಲ ಅಕ್ಕಿಯ ಬಿಳಿ ಸಣ್ಣ ಹನಿಗಳಾಗಿ ಒಡೆದು ಇಳಿಯುತ್ತಿತ್ತು. ಅವರು ಮತ್ತೆ ಎಳೆಯುತ್ತಿದ್ದರು, ಅದು ಮತ್ತೆ ಒಡೆಯುತ್ತಿತ್ತು. ಸಂಜೆಯ ಹೊತ್ತಿಗೆ ಹಸೆ ಮುಗಿಯಿತು. ಆ ಸೂಕ್ಷ್ಮವಾದ ಹೆಣಿಗೆಯಲ್ಲಿ ಜೋಡಿಯ ಹಿಂದೆ, ಗೆರೆಗಳು ಕಡಿದುಹೋದ ಜಾಗದಲ್ಲಿ, ಕೈಯಿಲ್ಲದ ಹುಡುಗಿಯೊಬ್ಬಳು ಬಲೆಯಾಚೆ ನಿಂತು ಈಚೆಗೆ ನೋಡುತ್ತಿದ್ದಳು.

ಮದುವೆಯ ದಿನ ಮದುಮಕ್ಕಳನ್ನು ಹಸೆಯ ಎದುರು ಕೂರಿಸಿ ದೀಪ ಹಚ್ಚಿದರು. ಕಿಟಕಿಯಿಲ್ಲದ ನಡುಮನೆ ಹಗಲಲ್ಲೂ ಕತ್ತಲೆ. ದೀಪದ ಬೆಳಕು ಕೆಳಗಿನಿಂದ ಬಿದ್ದಾಗ ಮೇಣ ಹೊಳೆಯಿತು. ಉಳಿದ ಗೆರೆಗಳೆಲ್ಲ ಮಂಕಾಗಿ ಕೈಯಿಲ್ಲದ ಆ ಹುಡುಗಿಯೊಬ್ಬಳೇ ಎದ್ದು ಕಂಡಳು. ಮೊದಲು ನೋಡಿದವರು ಗಂಡಿನ ತಾಯಿ.

"ಇದ್ಯಾರು ಬೀಗ್ತಿ, ಒಬ್ಳೇ ನಿಂತವ್ಳು?"

ಜೋಡಿಯಿಲ್ಲದ ಹೆಣ್ಣು ಹಸೆಯಲ್ಲಿ ಅಪಶಕುನ. ವಾದ್ಯ ನಡೆಯುತ್ತಲೇ ಇತ್ತು, ಹತ್ತಿರದವರು ಗೋಡೆಯ ಕಡೆ ತಿರುಗಿದರು. ಅಕ್ಕನ ತಾಯಿ ಒಮ್ಮೆ ಅಪ್ಪನ ಕಡೆ ನೋಡಿದರು. ಅಪ್ಪ ಗೌರವದ ಅತಿಥಿಯಾಗಿ ಮುಂದೆಯೇ ಕುಳಿತಿದ್ದರು, ನಾನು ಅವರ ತೊಡೆಗೆ ಒರಗಿದ್ದೆ.

"ನಂದೇ ಕೈ ತಪ್ಪು ಬೀಗ್ತಿ," ಎಂದರು ಅವರು. "ಮೊದ್ಲು ಅಲ್ಲಿ ಬರಿಯಾಕೆ ಹೊಂಟಿದ್ದೆ. ಜಾಗ ಸಾಲ್ದು ಅಂತ ಬಿಟ್ಟೆ."

"ಹೆಣ್ಣು ಬರ್ದು ಗಂಡು ಬಿಟ್ರಾ? ನೀವು? ಹತ್ತೂರಿಗೆ ಹಸೆ ಬರ್ದವ್ರು?"

"ವಯಸ್ಸಾತಲ್ಲ."

ನಾನು ಅಪ್ಪನ ಮುಖ ನೋಡಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ಒತ್ತಿದರು. ಮೂಢನಂಬಿಕೆಗೆ ಉತ್ತರ ಕೊಟ್ಟು ಅದನ್ನು ದೊಡ್ಡದು ಮಾಡಬಾರದು ಎಂದು ಅವರು ಆಮೇಲೆ ವಿವರಿಸಿದರು. ಆ ಕ್ಷಣದಲ್ಲಿ ನನಗೆ ಅರ್ಥವಾದದ್ದು ಸುಮ್ಮನಿರಬೇಕು ಎಂಬುದಷ್ಟೇ. ಸುಮ್ಮನಿದ್ದೆ.

ಎರಡು ವರ್ಷದಲ್ಲಿ ನೀರು ಬಂತು. ಆ ಮನೆ, ಆ ಗೋಡೆ ಎಲ್ಲವೂ ಮುಳುಗಿದವು. ಅಪ್ಪ ಅಷ್ಟು ಅರ್ಜಿ ಬರೆದರೂ ಒಡೆಯರಿಗೆ ಸಿಕ್ಕ ಪರಿಹಾರದಲ್ಲಿ ಒಂದು ಪಾಲೂ ಗೇಣಿದಾರರಿಗೆ ಸಿಗಲಿಲ್ಲ. ನಮಗೆ ತೀರ್ಥಹಳ್ಳಿಗೆ ವರ್ಗವಾಯಿತು. ಅಕ್ಕನ ಗಂಡನ ಊರೂ ಮುಳುಗಿ, ಅವರನ್ನು ಹೊಸನಗರ ತಾಲ್ಲೂಕಿನ ಕಾಡೊಂದನ್ನು ಕಡಿದು ಮಾಡಿದ ಜಾಗಕ್ಕೆ ಕಳಿಸಿದರಂತೆ ಎಂದು ಕೇಳಿದ್ದೆ. ಆಮೇಲಿನ ಸುದ್ದಿ ನನಗೆ ತಿಳಿಯಲಿಲ್ಲ. ತಿಳಿಯಲು ನಾನು ಯತ್ನಿಸಲಿಲ್ಲ. ಆದರೆ ಬಣ್ಣದ ಪೆಟ್ಟಿಗೆ ತೆರೆದಾಗಲೆಲ್ಲ ಸವೆದ ಬಿಳಿಯ ತುಂಡನ್ನು ನೋಡಲಾಗದೆ ಅದನ್ನು ತಲೆಕೆಳಗಾಗಿಸಿ ಇಡುತ್ತಿದ್ದೆ. ಒಮ್ಮೆ ಅದನ್ನು ಎಸೆದೆ. ಸಂಜೆ ಹೋಗಿ ಮತ್ತೆ ಹುಡುಕಿ ತಂದೆ.

ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ತೀರ್ಥಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಅಕ್ಕ ಸಿಕ್ಕಳು. ಅಕ್ಕಿ ಬೀಸಿಸಲು ಹೋಗಿದ್ದೆ. ಅಲ್ಲಿ ಕೂಲಿಗಿದ್ದು ಯಂತ್ರದ ಬಾಯಿಗೆ ಡಬ್ಬಿ ಹಿಡಿದಿದ್ದ ಹೆಂಗಸಿನ ಹುಬ್ಬು, ರೆಪ್ಪೆ, ತುಟಿಯೆಲ್ಲ ಹಿಟ್ಟು. ಕರೆಂಟು ಹೋಗಿ ಯಂತ್ರ ನಿಂತಾಗ ಅವಳು ತಲೆಯೆತ್ತಿದಳು.

"ಸಣ್ಣಮ್ಮ ಅಲ್ದಾ?"

ಅವಳೇ ಹೇಳಿದಳು. ಹೊಸ ಜಾಗಕ್ಕೆ ಹೋದ ಎರಡನೆಯ ಮಳೆಗಾಲದಲ್ಲಿ ಗಂಡ ಜ್ವರದಿಂದ ಸತ್ತ. ವೈದ್ಯರಿದ್ದ ಊರಿಗೆ ಒಂದು ಹಗಲಿನ ನಡಿಗೆ. ಹೊತ್ತು ತರುವಾಗ ದಾರಿಯಲ್ಲೇ ಹೋದ. ಮನುಷ್ಯರನ್ನು ಕಾಡಿನಲ್ಲಿ ಇಳಿಸಿ ಹೋದ ಸರ್ಕಾರವನ್ನು ಯಾರೂ ದೂರಲಿಲ್ಲ. ಒಂಟಿ ಹೆಣ್ಣಿನ ಹಸೆ, ಹೆತ್ತವಳೇ ಕೈಯಾರೆ ಬರೆದ ಹಸೆ ಎಂದರು ಗಂಡನ ಮನೆಯವರು. ಅವಳನ್ನು ಹೊರಗೆ ಹಾಕಿದರು. ಅವಳ ಪುಟ್ಟ ಮಗಳನ್ನು ತಾವೇ ಇಟ್ಟುಕೊಂಡರು; ತಾಯಿಯ ನೆರಳು ಮಗುವಿನ ಮೇಲೂ ಬೀಳಬಾರದಂತೆ. ಮಗುವಿಗೆ ಈಗ ಆರು. ಅಕ್ಕನ ತಾಯಿ ತೀರಿಕೊಂಡಿದ್ದರು.

"ಅಕ್ಕಾ, ಅದನ್ನು ಬರೆದದ್ದು ನಾನು," ಎಂದೆ.

"ಗೊತ್ತು," ಎಂದಳು. "ಬಣ್ಣದ ಕಡ್ಡಿ ಇದ್ದಿದ್ದು ಊರಲ್ಲಿ ನಿಮ್ಮತ್ರ ಮಾತ್ರ ಅಲ್ದಾ?"

"ಹಾಗಾದರೆ ಅವರಿಗೆ ಹೇಳಬೇಕಿತ್ತಲ್ಲ!"

"ಹೇಳ್ದೆ. ಮೇಷ್ಟ್ರ ಮಗ್ಳ ಮೇಲೆ ಹಾಕ್ತಾಳೆ ಅಂದ್ರು." ಸೆರಗಿನಿಂದ ರೆಪ್ಪೆಯ ಹಿಟ್ಟು ಒರೆಸಿಕೊಂಡಳು. "ನೀವೇ ಬಂದು ಹೇಳ್ತೀರಾ ಸಣ್ಣಮ್ಮ? ನೀವು ಹೇಳಿದ್ರೆ ಮಗೀನ ಕೊಟ್ರೂ ಕೊಟ್ಟಾರು."

ಮನೆಗೆ ಬಂದು ಅಪ್ಪನನ್ನು ಜೊತೆಗೆ ಕರೆದೆ. ಅವರು ಒಪ್ಪಲಿಲ್ಲ. "ನಾವು ಹೋಗಿ ಹೇಳಿದರೆ ಗೋಡೆಯ ಚಿತ್ರದಿಂದ ಸಾವು ಬರುತ್ತದೆ ಎಂದು ಒಪ್ಪಿದ ಹಾಗಾಗುತ್ತದೆ," ಎಂದರು. ತತ್ವ ಸರಿಯಾಗಿಯೇ ಇತ್ತು. ಆ ತತ್ವದ ಹಿಂದೆ ಒಬ್ಬ ಮನುಷ್ಯ ಅಡಗಿ ಕುಳಿತದ್ದನ್ನು ನಾನು ಅಂದೇ ಮೊದಲು ಕಂಡೆ. ಭಾನುವಾರ ಮನೆಯಲ್ಲಿ ಹೇಳದೆ ಅಕ್ಕನೊಂದಿಗೆ ಹೊಸನಗರದ ಬಸ್ಸು ಹತ್ತಿದೆ.

ಅಕ್ಕನ ಅತ್ತೆ ಜಗಲಿಯಲ್ಲಿ ಕುಳಿತಿದ್ದರು. ನಮ್ಮನ್ನು ಕಾಣುತ್ತಲೇ ಮಗುವನ್ನು ನೆರೆಮನೆಗೆ ಕಳಿಸಿಬಿಟ್ಟರು. ಓಡಿದ ಎರಡು ಜಡೆ ಮಾತ್ರ ನನಗೆ ಕಂಡಿತು. ನಾನು ನಿಂತೇ ಎಲ್ಲವನ್ನೂ ಹೇಳಿದೆ: ಕಡ್ಡಿ, ಮಧ್ಯಾಹ್ನ, ಅಪ್ಪನ ಮಾತು. ಆ ಮುದುಕಿ ನಡುವೆ ಬಾಯಿ ಹಾಕದೆ ಕೇಳಿದರು. ಅವರು ಕೆಟ್ಟವರೆಂದು ಹೇಳಲಾರೆ. ಅವರ ಮಗ ಸತ್ತಿದ್ದ.

"ನೀ ಬರ್ದಿದ್ದಾದ್ರೆ ಬರ್ದು ತೋರ್ಸು ಹುಡ್ಗಿ," ಎಂದರು. ಒಳಗಿನಿಂದ ಗೋಡೆಗೆ ಬಳಿಯುವ ಬಿಳಿಯ ಸೇಡಿಮಣ್ಣಿನ ಉಂಡೆಯೊಂದನ್ನು ತಂದು ಕೈಗಿಟ್ಟರು. "ಹಂಗೇ ಬರಿ. ನಂಗೆ ಕಣ್ಣು ಮುಚ್ಚಿದ್ರೂ ಕಾಣ್ತದೆ ಅದು."

ನಾನು ಜಗಲಿಯ ಕೆಂಪು ಗೋಡೆಯ ಮೇಲೆ ಬರೆದೆ. ಆ ವೇಳೆಗೆ ನಾನು ಚಿತ್ರಕಲೆಯಲ್ಲಿ ಬಹುಮಾನ ಪಡೆದವಳು. ತಲೆಗೂ ಮೈಗೂ ಇರಬೇಕಾದ ಅಳತೆ ಗೊತ್ತಿತ್ತು. ಕೈ ತಾನಾಗಿ ಓಡಿತು. ಕುತ್ತಿಗೆ ಬಂತು, ಭುಜ ಬಂತು, ಸೆರಗಿನ ನೆರಿಗೆ ಬಂತು, ಐದು ಬೆರಳು ಬಂದವು.

"ಇದಲ್ಲ," ಎಂದರು ಮುದುಕಿ. "ಅದಕ್ಕೆ ಕೈ ಇರ್ಲಿಲ್ಲ. ಕುತ್ತಿಗೆನೂ ಇರ್ಲಿಲ್ಲ."

ಒರೆಸಿ ಮತ್ತೆ ಬರೆದೆ. ಕೈ ಬಿಟ್ಟೆ. ಅದು ಕೈ ಬರೆಯಲು ಬಾರದ ಮಗುವಿನ ಚಿತ್ರವಾಗಲಿಲ್ಲ. ಬೆಳೆದ ಹೆಣ್ಣಿನ ಕೈಗಳನ್ನು ಯಾರೋ ಕಡಿದ ಹಾಗೆ ಕಂಡಿತು. ಮೂರನೆಯ ಬಾರಿ ಕಣ್ಣು ಮುಚ್ಚಿ, ಎಡಗೈಯಲ್ಲಿ ಬರೆದೆ. ಅದೂ ಆ ಗೋಡೆಯ ಹುಡುಗಿಯಾಗಲಿಲ್ಲ. ಎಂಟು ವರ್ಷ ನನ್ನನ್ನು ಬಿಡದೆ ನೋಡುತ್ತಿದ್ದವಳು, ಬರಬೇಕಾದ ಒಂದು ಹೊತ್ತಿನಲ್ಲಿ ನನ್ನ ಕೈಗೆ ಬರಲಿಲ್ಲ.

"ಅಕ್ಕಾ, ನೀನಾದರೂ ಹೇಳು. ಹೀಗೇ ಇತ್ತಲ್ಲವೇ?" ಎಂದೆ. ಅಕ್ಕ ಗೋಡೆಯ ಕಡೆ ನೋಡಲಿಲ್ಲ. ನೆರೆಮನೆಯ ಬಾಗಿಲಿನ ಕಡೆಯೇ ನೋಡುತ್ತಿದ್ದಳು.

ಮುದುಕಿ ನನ್ನ ಕೈಯಿಂದ ಉಂಡೆ ತೆಗೆದುಕೊಂಡರು. "ಇವ್ಳಿಗೋಸ್ಕರ ಸುಳ್ಳು ಹೇಳಾಕೆ ಇಷ್ಟು ದೂರ ಬಂದ್ಯಲ್ಲ, ನಿನ್ನ ಮನ್ಸು ಒಳ್ಳೇದು. ಹೋಗು ತಂಗಿ. ಕಡೇ ಬಸ್ಸು ತಪ್ಪಿದ್ರೆ ಕಷ್ಟ."

ನಾವು ರಸ್ತೆಗೆ ಬಂದೆವು. ಬಸ್ಸು ನಿಲ್ಲುವಲ್ಲಿ ಹೊಸದಾಗಿ ಕಟ್ಟಿದ ಶಾಲೆಯೊಂದಿತ್ತು. ಅಕ್ಕ ಅದರ ಜಗಲಿಯ ಮೇಲೆ ಕುಳಿತಳು.

"ನೀವು ಹೋಗಿ ಸಣ್ಣಮ್ಮ. ನಾನು ಇಲ್ಲೇ ಇರ್ತೀನಿ. ಬೆಳಿಗ್ಗೆ ಮಗು ಶಾಲೆಗೆ ಇಲ್ಲಿಗೇ ಬರ್ತದೆ."

"ಅವರು ಕಳಿಸದಿದ್ದರೆ?"

"ನೋಡಣ," ಎಂದಳು.

ನಾನು ಬಸ್ಸು ಹತ್ತಿದೆ. ಮರುದಿನ ಮಗು ಬಂತೋ ಇಲ್ಲವೋ ನನಗೆ ತಿಳಿಯದು. ಜಾತಿಯ ತಪ್ಪು, ಗೇಣಿಯ ತಪ್ಪು, ಮುಳುಗಡೆಯ ತಪ್ಪು, ಅಪ್ಪನ ತಪ್ಪು ಎಂದು ಒಂದೊಂದಕ್ಕೂ ಹೆಸರಿಟ್ಟು ಹೇಳಲು ನಾನು ಮುಂದೆ ಕಲಿತೆ. ಇದಕ್ಕೆ ಮಾತ್ರ ಬೇರೆ ಯಾರ ಹೆಸರೂ ಹೊಂದುವುದಿಲ್ಲ: ಮರುವಾರ ಅಕ್ಕಿ ಬೀಸಿಸಲು ಹೊರಟವಳು ಪೇಟೆಯ ಇನ್ನೊಂದು ತುದಿಯಲ್ಲಿದ್ದ ಬೇರೆ ಗಿರಣಿಗೆ ಹೋದೆ, ಮತ್ತು ಆ ವರ್ಷವೆಲ್ಲ ಅಲ್ಲಿಗೇ ಹೋದೆ.